ಸಾ ಒತ್ತಿಟ್ಟಾಗ ಬಂದ ಟಕ್ಕು

ನಾನು ದೇವರನ್ನು ನಂಬುವವಳು. ಆದರೆ ದೇವರ ಹೆಸರಿನಲ್ಲಿ ಹಬ್ಬುವ ಮಾತುಗಳನ್ನೆಲ್ಲ ನಂಬುವವಳಲ್ಲ. ಒಮ್ಮೆ ಪಕ್ಕದ ಮನೆಯ ನಿಂಗಮ್ಮ ಏದುಸಿರು ಬಿಡುತ್ತ ಬಂದು, ಗುಡ್ಡದ ಮೇಲಿನ ಗುಡಿಯಲ್ಲಿ ಗಂಟೆ ತಾನಾಗಿಯೇ ಬಡಿದುಕೊಳ್ಳುತ್ತಿದೆ ಎಂದಳು. ಓಣಿಯ ಹೆಂಗಸರೆಲ್ಲ ಅಂಗಳದಲ್ಲೇ ನಿಂತು ಕೈ ಮುಗಿದರು. ನಾನು ಒಲೆ ಆರಿಸಿ, ಮೆಟ್ಟಿಲು ಹತ್ತಿ ಹೋಗಿ ನೋಡಿದೆ. ಒಂದು ಮಂಗ ಗಂಟೆಯ ಹಗ್ಗ ಹಿಡಿದು ಜೋತಾಡುತ್ತಿತ್ತು. ಅಂದಿನಿಂದ ನಮ್ಮ ಓಣಿಯಲ್ಲಿ ಯಾರಿಗೆ ಏನು ಪವಾಡ ಕಂಡರೂ ನನ್ನ ಮುಂದೆ ಹೇಳುವುದಿಲ್ಲ. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನಂಬಿರಿ ಎಂದು ನಿಮ್ಮನ್ನು ಕೇಳುವ ಹಕ್ಕು ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಮ್ಮದು ಮಸ್ಕಿ. ಮನೆಯವರು ಹಿಟ್ಟಿನ ಗಿರಣಿ ನಡೆಸುತ್ತಾರೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಮಾವನವರು. ಸಂಜೆ ದೀಪ ಹಚ್ಚುವಾಗ ಆ ದಿನ ಸಿಕ್ಕ ಸಣ್ಣಪುಟ್ಟ ಒಳಿತುಗಳನ್ನು ದೇವರ ಮುಂದೆ ಒಂದೊಂದಾಗಿ ಹೇಳಿಕೊಳ್ಳುವುದು ನನ್ನ ರೂಢಿ. ನಳದಲ್ಲಿ ನೀರು ಬಂತು. ಹಾಲು ಒಡೆಯಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮನೆಯವರು ಇದನ್ನು ಕೇಳಿ ನಗುತ್ತಾರೆ. “ನಿನ್ನ ದೇವರಿಗೆ ಬ್ಯಾರೆ ಕೆಲಸ ಇಲ್ಲೇನು? ನಳಾ ಬಿಡಾಕೂ ಅವನ ಬರಬೇಕೇನು?” ಎನ್ನುತ್ತಾರೆ. ನಗಲಿ. ಗಿರಣಿಯಿಂದ ಮೈತುಂಬ ಹಿಟ್ಟು ಬಳಿದುಕೊಂಡು ಬಂದ ಮನುಷ್ಯ ನಗುತ್ತ ಊಟಕ್ಕೆ ಕೂರುವುದೂ ನನ್ನ ಪಟ್ಟಿಯಲ್ಲಿ ಸೇರುತ್ತದೆ.

ಮಾವನವರು ಕಾಲುವೆಯ ಕೆಲಸದಲ್ಲಿದ್ದವರು. ಬಳಗಾನೂರಿನ ಕಡೆ ತೂಬು ತೆಗೆಯುವುದು, ಮುಚ್ಚುವುದು, ದಂಡೆಯ ಮೇಲೆ ನಡೆದು ನೀರು ನೋಡುವುದು ಅವರ ನೌಕರಿ. ನೌಕರಿ ಅದಾದರೂ ಜನ ಅವರನ್ನು ಗುರುತಿಸುತ್ತಿದ್ದದ್ದು ಭಜನೆಯಿಂದ. ತತ್ವಪದ ಎತ್ತಿಕೊಂಡರೆಂದರೆ ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸುತ್ತಿದ್ದರು. ಪ್ರತಿ ಸೋಮವಾರ ನಮ್ಮ ಪಡಸಾಲೆಯಲ್ಲೇ ಭಜನೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಾರ್ಮೋನಿಯಂ ಮುಟ್ಟಲೂ ಹೆದರುತ್ತಿದ್ದೆ. ಅದಕ್ಕೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಅವರೇ ಕೂರಿಸಿಕೊಂಡು, ರೊಟ್ಟಿ ಬಡಿಯುವ ಕೈಗೆ ಇದೇನೂ ದೊಡ್ಡದಲ್ಲ ಎಂದು ಧೈರ್ಯ ಹೇಳಿ ಕಲಿಸಿದರು. ಎರಡು ವರ್ಷ ಆಗುವುದರೊಳಗೆ ನಾನು ಬಾರಿಸುವುದು, ಅವರು ಹಾಡುವುದು ಎಂದಾಯಿತು. ಸೊಸೆಗೆ ಇಂಥ ಮಾವ ಸಿಗುವುದು ಸಣ್ಣ ಒಳಿತೇನೂ ಅಲ್ಲ.

ಅವರು ಕಲಿಸಿದ ಮೊದಲ ಪಾಠ ಸಾ ಬಿಡಬಾರದು ಎಂಬುದು. ಹಾಡು ಎಲ್ಲೆಲ್ಲಿ ತಿರುಗಾಡಿದರೂ ಕೆಳಗೆ ಸಾ ಒಂದೇ ಸಮನೆ ನುಡಿಯುತ್ತಿರಬೇಕು. ಅದಕ್ಕೆ ಒಂದು ಬೆರಳನ್ನು ಮೀಸಲಿಡುವ ಬದಲು, ನಮ್ಮ ಭಜನೆಯವರು ಊದುಬತ್ತಿ ಡಬ್ಬಿಯ ರಟ್ಟನ್ನು ಮಡಚಿ, ಸಾ ಮನೆಯನ್ನು, ಅಂದರೆ ಸಾ ನುಡಿಸುವ ಕೀಲಿಯನ್ನು, ಒತ್ತಿ ಹಿಡಿಯುವಂತೆ ಪಕ್ಕದ ಸಂದಿಗೆ ತುರುಕಿಬಿಡುತ್ತಾರೆ. ರಟ್ಟು ತೆಗೆಯುವವರೆಗೆ ಸಾ ಮೇಲೇಳುವುದಿಲ್ಲ. ಪೇಟಿಯ ಮುಂದೆ ಕೂತ ಕೂಡಲೇ ನನ್ನ ಕೈ ತಾನಾಗಿ ರಟ್ಟನ್ನು ಹುಡುಕುತ್ತದೆ. ಈ ಮಾತನ್ನು ಗಮನದಲ್ಲಿಡಿ. ನನ್ನ ತಪ್ಪು ಹುಟ್ಟಿದ್ದು ಇಲ್ಲಿಂದಲೇ.

ನಾಲ್ಕೈದು ವರ್ಷದ ಹಿಂದೆ ಮಾವನವರಿಗೆ ಒಂದು ಜ್ವರ ಬಂತು. ಹದಿನೈದು ದಿನ ಮಲಗಿದರು. ಜ್ವರ ಬಿಟ್ಟು ಹೋಗುವಾಗ ಕಿವಿಯನ್ನು ಅರ್ಧಕ್ಕಿಂತ ಹೆಚ್ಚು ತೆಗೆದುಕೊಂಡು ಹೋಯಿತು. ಜೀವ ಉಳಿಯಿತಲ್ಲ ಎಂದು ದೇವರಿಗೆ ಕಾಯಿ ಒಡೆದೆವು. ರಾಯಚೂರಿನಲ್ಲಿ ತೋರಿಸಿ, ಕಿವಿಗೆ ಇಟ್ಟುಕೊಳ್ಳುವ ಯಂತ್ರವನ್ನೂ ತಂದೆವು. ಮಾತು ಒಂದಿಷ್ಟು ತಿಳಿಯತೊಡಗಿತು. ಆದರೆ ಪೇಟಿ ತಿಳಿಯಲಿಲ್ಲ. ಪೇಟಿಯ ದನಿ ಗಾಳಿಯ ದನಿ. ಒಂದು ಸ್ವರ ಮುಗಿದು ಇನ್ನೊಂದು ಶುರುವಾಗುವುದು ಅವರ ಕಿವಿಗೆ ಗೊತ್ತೇ ಆಗುತ್ತಿರಲಿಲ್ಲ. ಎಲ್ಲವೂ ಹೊಳೆ ಹರಿದ ಹಾಗೆ ಒಂದೇ ಸದ್ದು. ಯಾವಾಗ ಎತ್ತಿಕೊಳ್ಳಬೇಕು ಎಂಬುದು ತಿಳಿಯದೆ ತಡವಾಗಿ ಎತ್ತಿಕೊಳ್ಳುವರು. ತಾಳ ಬಡಿಯುವವರು ಅವರಿಗಾಗಿ ಕಾಯುವರು. ಒಂದು ಸೋಮವಾರ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈಯಲಿಲ್ಲ, ನಗಲೂ ಇಲ್ಲ, ಬರೀ ನೋಡಿಕೊಂಡರು. ಮಾವನವರ ಕಿವಿ ಹೋಗಿತ್ತೇ ಹೊರತು ಕಣ್ಣು ಚೆನ್ನಾಗಿತ್ತು.

ಅವತ್ತಿನಿಂದ ಅವರು ಹಾಡಲಿಲ್ಲ. ಭಜನೆಯ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂರುವರು. ತಮ್ಮ ತಾಳದ ಜೋಡಿಯನ್ನು ಗುಡಿಗೆ ಕೊಟ್ಟುಬಿಡು ಎಂದು ಮಗನಿಗೆ ಹೇಳಿದರು. ಮನೆಯವರು ಹೂಂ ಎಂದರೇ ಹೊರತು ಕೊಡಲಿಲ್ಲ. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ನಾನು ದೀಪ ಹಚ್ಚಿ ಪಟ್ಟಿ ಹೇಳುವಾಗ ನಡುವೆ ನಿಂತುಬಿಡುತ್ತಿದ್ದೆ.

ಅದೇ ವರ್ಷ ಪೇಟಿಗೂ ಗ್ರಹಚಾರ ಬಂತು. ಅಟ್ಟದ ಮೇಲಿಟ್ಟಾಗ ಇಲಿ ಗಾಳಿ ಹಾಕುವ ತಿದಿಯ ಮಡಿಕೆಗಳನ್ನು ಕಡಿದುಹಾಕಿತು. ಲಿಂಗಸುಗೂರಿನಲ್ಲಿರುವ ನನ್ನ ತಮ್ಮ ಒಂದು ಕಾಲದಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುತ್ತಿದ್ದ. ಈಗ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಪೇಟಿಯ ಗತಿ ಕೇಳಿ, ತನ್ನ ಕೀಬೋರ್ಡನ್ನೂ ದೊಡ್ಡ ಸ್ಪೀಕರ್ ಡಬ್ಬಿಯನ್ನೂ ತಂದಿಟ್ಟು ಹೋದ. ಅದರಲ್ಲಿ ನೂರಾರು ದನಿಗಳಿದ್ದವು. ಭಜನೆಗೆ ಹೊಂದುವಂತೆ ಕಂಡದ್ದು ಆರ್ಗನ್ ಎಂಬ ದನಿ. ಹಳೇ ಕಾಲದ ಆರ್ಗನ್ನಿನ ಒಳಗೆ ಹಲ್ಲಿನ ಚಕ್ರಗಳು ಗರಗರ ತಿರುಗಿ ದನಿ ಬರುತ್ತಿತ್ತಂತೆ, ಇದರಲ್ಲಿ ಚಕ್ರವೂ ಇಲ್ಲ ಏನೂ ಇಲ್ಲ, ಎಲೆಕ್ಟ್ರಾನಿಕ್ ಯಂತ್ರವೇ ಆ ಚಕ್ರಗಳ ಹಾಗೆ ನಟಿಸುತ್ತದೆ ಎಂದು ಅವನು ಹೇಳಿದ. ಅದರ ಜೊತೆಗೆ ಪರ್ಕಷನ್ ಎಂಬ ಗುಂಡಿಯನ್ನೂ ತೋರಿಸಿದ. ಅದನ್ನು ಒತ್ತಿದರೆ ಪ್ರತಿ ಸ್ವರದ ಮೊದಲಿಗೆ ಟಕ್ ಎಂದು ಒಂದು ಪೆಟ್ಟು ಬಿದ್ದು, ಆಮೇಲೆ ದನಿ ಹರಿಯುತ್ತದೆ.

ಆ ಟಕ್ಕು ಕೇಳಿದ ಕೂಡಲೇ ನನಗೆ ಮಾವನವರ ನೆನಪಾಯಿತು. ಸ್ವರ ಶುರುವಾದದ್ದನ್ನು ಹೇಳುವ ಒಂದು ಪೆಟ್ಟು! ಅವರ ಕಿವಿಗೆ ಬೇಕಾದದ್ದು ಅದೇ ಅಲ್ಲವೇ?

ಅವರನ್ನು ಹೇಗೋ ಒಪ್ಪಿಸಿ ಹೊರಸಿನ ಮೇಲೆ ಕೂರಿಸಿ, ಸ್ಪೀಕರ್ ಡಬ್ಬಿಯನ್ನು ಪಕ್ಕದಲ್ಲಿಟ್ಟೆ. ಮೂರು ದಿನ ಮಧ್ಯಾಹ್ನ ಅಡುಗೆ ಕೆಲಸ ಮುಗಿಸಿ ಇದೇ ಕೆಲಸ. ಟಕ್ಕಿನಲ್ಲಿ ಎರಡು ಬಗೆ, ಯಂತ್ರದಲ್ಲಿ ಅವುಗಳ ಹೆಸರೇ ಎರಡನೆಯದು, ಮೂರನೆಯದು ಎಂದು; ಮೊದಲನೆಯದು ಎಂಬುದಿಲ್ಲ. ಎರಡನೆಯದು ಬಾಗಿಲು ಬಡಿದ ಹಾಗೆ, ಮೂರನೆಯದು ಹಿತ್ತಾಳೆ ಚೆಂಬಿಗೆ ಉಗುರು ತಾಗಿದ ಹಾಗೆ. ಬೇಗ ಆರುವುದು ಒಂದು, ನಿಧಾನಕ್ಕೆ ಆರುವುದು ಒಂದು. ಮೆತ್ತಗೆ ಇಟ್ಟರೆ ಟಕ್ಕು ದನಿಯೊಳಗೆ ಅಡಗುತ್ತದೆ, ಜೋರು ಇಟ್ಟರೆ ಟಕ್ಕು ಎದ್ದು ನಿಂತು ಹಿಂದಿನ ದನಿ ತಗ್ಗುತ್ತದೆ. ಒಂದೊಂದು ಗುಂಡಿ ಒತ್ತಿ ಅವರ ಮುಖ ನೋಡುವೆ. ಮೂರನೆಯದು, ಬೇಗ ಆರುವುದು, ಜೋರು ಇಟ್ಟಾಗ ಅವರ ಹುಬ್ಬು ಮೇಲೆದ್ದಿತು. “ಈಗ ಬಂತ್ ನೋಡ್ಯವ್ವಾ. ಒಲಿ ಮ್ಯಾಲಿನ ಎಸರಿನ್ಯಾಗ ಗುಳ್ಳಿ ಒಡದಂಗ ಆತು,” ಎಂದರು. ಎಷ್ಟೋ ತಿಂಗಳ ಮೇಲೆ ಅವರು ಆಡಿದ ಉದ್ದ ಮಾತು ಅದು.

ಖುಷಿಯಿಂದ ರಟ್ಟು ಮಡಚಿ ಸಾ ಒತ್ತಿಟ್ಟು ಪದದ ಧಾಟಿ ಹಿಡಿದೆ. ಮೊದಲ ಸಾಗೆ ಟಕ್ ಎಂದಿತು. ಆಮೇಲೆ ಒಂದಕ್ಕೂ ಇಲ್ಲ. ಮತ್ತೆ ಬರೀ ಹೊಳೆ. ಗುಂಡಿ ಆರಿಸಿ ಹಚ್ಚಿದೆ, ವೈರ್ ಅಲುಗಾಡಿಸಿದೆ. ಯಂತ್ರ ಕೆಟ್ಟಿದೆ ಎಂದುಕೊಂಡೆ.

ಕೀಬೋರ್ಡನ್ನು ಚಾದರಿನಲ್ಲಿ ಸುತ್ತಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಅದೇನೆಂದು ಕೇಳಿದಾಗ, ಭಜನಿ ಸಾಮಾನು ಎಂದೆ, ಪಾಪ, ಸೀಟಿನ ಕೆಳಗೆ ಜಾಗ ಮಾಡಿಕೊಟ್ಟ. ಸಿಂಧನೂರಿನಲ್ಲಿ ಮೈಕು, ಕೀಬೋರ್ಡ್ ರಿಪೇರಿ ಮಾಡುವ ಮೆಹಬೂಬಸಾಬ ಎಂಬ ವಯಸ್ಸಾದವರಿದ್ದಾರೆ. ಅವರು ಹಚ್ಚಿ ನಾಲ್ಕು ಬೆರಳಾಡಿಸಿದರು. ಟಕ್ ಟಕ್ ಟಕ್ ಎಂದು ಪ್ರತಿ ಸ್ವರಕ್ಕೂ ಬಂತು. ಏನೂ ಆಗಿಲ್ಲ ತಗೊಂಡು ಹೋಗಿ ಎಂದರು. ಮನೆಗೆ ತಂದು ಬಾರಿಸಿದರೆ ಮತ್ತೆ ಒಂದೇ ಟಕ್ಕು. ಮುಂದಿನ ವಾರ ಇನ್ನೊಮ್ಮೆ ಹೋದೆ. ಈ ಸಲ ಅವರು ಕೀಬೋರ್ಡನ್ನು ನನ್ನ ಕಡೆಗೇ ತಿರುಗಿಸಿ, ನೀವೇ ಬಾರಿಸಿ ತೋರಿಸಿ ಎಂದರು. ನಾನು ಸೊಂಟದ ಚೀಲದಿಂದ ರಟ್ಟು ತೆಗೆದು ಮಡಚಿದ್ದೇ ತಡ, ಅವರು ಬಿದ್ದು ಬಿದ್ದು ನಕ್ಕರು.

“ಅಕ್ಕಾರ, ಮಷಿನ್ ಖರಾಬ್ ಆಗಿಲ್ರಿ. ನಿಮ್ಮ ಭಜನಿ ಚಟ ಅದಕ್ಕ ಆಗವಲ್ದು,” ಎಂದು ಆಮೇಲೆ ತಿಳಿಸಿ ಹೇಳಿದರು. ಎಲ್ಲ ಬೆರಳು ಎತ್ತಿದ ಮೇಲೆ ಒತ್ತುವ ಸ್ವರಕ್ಕೆ ಮಾತ್ರ ಟಕ್ಕು ಬರುತ್ತದಂತೆ. ಒಂದು ಮನೆ ಒತ್ತಿಯೇ ಇದ್ದರೆ ಮುಂದಿನ ಯಾವ ಸ್ವರಕ್ಕೂ ಬರುವುದಿಲ್ಲ. ಹಳೇ ಚಕ್ರದ ಆರ್ಗನ್ನಿನ ಗುಣವೇ ಹಾಗಂತೆ, ಇದು ಅದರ ನಕಲು, ಒಳ್ಳೇದರ ಜೊತೆ ಕೊರತೆಯನ್ನೂ ನಕಲು ಮಾಡಿದೆ ಎಂದರು. ಬದಲಾಯಿಸಲು ಬರುತ್ತದೆಯೇ ಎಂದು ಕೇಳಿದೆ. ಚಿಕ್ಕ ಪರದೆಯ ಮೇಲೆ ಇದ್ದಬದ್ದ ಪುಟಗಳನ್ನೆಲ್ಲ ತಿರುವಿ ನೋಡಿ, ಈ ಮಷಿನ್ನಿನಲ್ಲಿ ಅಂಥ ಸೌಲಭ್ಯ ಇಲ್ಲ ಎಂದು ಖಚಿತವಾಗಿ ಹೇಳಿದರು.

ಸರಿ, ಮನೆಗೆ ಬಂದು ರಟ್ಟು ಬಿಟ್ಟು ಬಾರಿಸಿದೆ. ಟಕ್ಕು ಎಲ್ಲದಕ್ಕೂ ಬಂತು. ಮಾವನವರು ಎರಡು ಸಾಲು ಹಾಡಿ ನಿಲ್ಲಿಸಿದರು. ಅವರು ಸ್ಪೀಕರ್ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಸಾ ಅವರಿಗೆ ಕಿವಿಯಿಂದಲ್ಲ, ಆ ಅಂಗೈಯಿಂದ ತಿಳಿಯುತ್ತಿತ್ತು ಎಂಬುದು ನನಗೆ ಆಗಲೇ ಗೊತ್ತಾದದ್ದು. “ಸಾ ಬಿಟ್ರ ನಾ ಎಲ್ಲಿ ನಿಂದ್ರಲವ್ವಾ?” ಎಂದರು. ತಮ್ಮ ಹೇಳಿದ ಹಾಗೆ ಮೊಬೈಲಿನಲ್ಲಿ ತಂಬೂರಿ ಹಚ್ಚಿ ನೋಡಿದೆ. ಕಿವಿಯ ಯಂತ್ರ ಅದನ್ನು ಫ್ಯಾನಿನ ಸದ್ದೆಂದು ತಿಳಿದು ನುಂಗಿಬಿಡುತ್ತಿತ್ತೋ ಏನೋ, ಅವರಿಗೆ ಸಿಗಲಿಲ್ಲ. ಅದನ್ನು ಡಬ್ಬಿಗೆ ಜೋಡಿಸಲು ಹೋದರೆ ಗುಂಯ್ ಎಂಬ ಸದ್ದು ಎದ್ದು ಇಬ್ಬರಿಗೂ ತಲೆನೋವು. ಸಾ ಇದ್ದರೆ ಟಕ್ಕಿಲ್ಲ, ಟಕ್ಕಿದ್ದರೆ ಸಾ ಇಲ್ಲ. ಕೊನೆಗೆ ಅವರೇ, “ಸಾಕು ಬಿಡು, ನಿನ್ನ ಸೊಂಟಾ ಬ್ಯಾರೆ ನೋಯ್ತೈತಿ,” ಎಂದು ನನ್ನ ಮೇಲೆಯೇ ಹಾಕಿ ಎದ್ದುಹೋದರು.

ಒಂದು ತಿಂಗಳು ಕಳೆಯಿತು. ಮುದಗಲ್ಲಿನ ಆರ್ಕೆಸ್ಟ್ರಾದವರು ಕೀಬೋರ್ಡ್ ಕೇಳುತ್ತಿದ್ದಾರೆ, ನಿಮಗೆ ಉಪಯೋಗವಿಲ್ಲದಿದ್ದರೆ ಮಂಗಳವಾರ ಬಂದು ಒಯ್ಯುತ್ತೇನೆ ಎಂದು ತಮ್ಮ ಫೋನು ಮಾಡಿದ. ನಾನು ಮಾವನವರನ್ನು ಕೇಳಿದೆ. ಒಯ್ಯಲಿ ಎಂದರು. ಒಯ್ದರೆ ಅವರು ಇನ್ನು ಹಾಡುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸೋಮವಾರ ಮಧ್ಯಾಹ್ನ ನಾಲ್ಕು ಗಂಟೆ ಇರಬಹುದು. ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಿತ್ತು. ನಿಂಗಮ್ಮ ಹೊಸ್ತಿಲ ಬಳಿ ಕೂತು ಮೊರದಲ್ಲಿ ನಮ್ಮ ಜೋಳ ಹಸನು ಮಾಡುತ್ತಿದ್ದಳು. ಮಾವನವರ ತಂಗಿಯ ಫೋನು ಬಂದಿತ್ತಾದ್ದರಿಂದ ಅವರು ಕಿವಿಗೆ ಯಂತ್ರ ಹಾಕಿಕೊಂಡು, ಮಾತು ಮುಗಿಸಿ, ಹೊರಸಿನ ಮೇಲೆ ಕೂತಿದ್ದರು. ನಾನು ಕೀಬೋರ್ಡಿನ ಧೂಳು ಒರೆಸಿ ಚಾದರು ಸುತ್ತುವವಳಿದ್ದೆ. ಒರೆಸಿದ ಮೇಲೆ, ಕೊಡುವ ಮುಂಚೆ ಒಂದು ಪದ ಬಾರಿಸೋಣ ಎನಿಸಿತು. ಹಚ್ಚಿದೆ. ಟಕ್ಕು ಮೂರನೆಯದು, ಬೇಗ, ಜೋರು ಎಂದೇ ಇತ್ತು, ನಾನು ಬದಲಾಯಿಸಿರಲಿಲ್ಲ. ಕೈ ತನ್ನ ಪಾಡಿಗೆ ರಟ್ಟು ಮಡಚಿ ಸಾಗೆ ತುರುಕಿತು.

ಬಾರಿಸತೊಡಗಿದೆ. ಸಾಗೆ ಟಕ್ ಎಂದಿತು. ಗ ಸ್ವರಕ್ಕೆ ಟಕ್ ಎಂದಿತು. ಮ ಸ್ವರಕ್ಕೆ, ಪ ಸ್ವರಕ್ಕೆ, ಮತ್ತೆ ಗ ಸ್ವರಕ್ಕೆ. ಮೊದಲ ಸಾಲು ಮುಗಿಯುವವರೆಗೆ ನನಗೆ ಅದು ಹೊಳೆಯಲೇ ಇಲ್ಲ. ಎಷ್ಟು ಸಹಜವಾಗಿ ಬರುತ್ತಿತ್ತು ಎಂದರೆ, ಹೀಗೇ ಇರಬೇಕಾದದ್ದು ಹೀಗೇ ಇದೆ ಎನ್ನುವ ಹಾಗೆ. ಎರಡನೆಯ ಸಾಲಿಗೆ ಹೊಳೆಯಿತು. ಕಣ್ಣು ರಟ್ಟಿನ ಮೇಲೆ ಹೋಯಿತು. ರಟ್ಟು ತನ್ನ ಜಾಗದಲ್ಲೇ ಇತ್ತು. ಸಾ ಮನೆ ಕೆಳಗೇ ಇತ್ತು, ಅದರ ದನಿ ಒಂದೇ ಸಮನೆ ಹರಿಯುತ್ತಿತ್ತು. ಅದರ ಮೇಲೆ ಒಂದೊಂದು ಸ್ವರಕ್ಕೂ ಟಕ್, ಟಕ್. ಬೆರಳು ನಿಲ್ಲಿಸಿದರೆ ಹೋಗಿಬಿಡುತ್ತದೆ ಎಂಬ ಭಯಕ್ಕೆ ನಿಲ್ಲಿಸಲಿಲ್ಲ.

ಆಗ ಬೆನ್ನ ಹಿಂದಿನಿಂದ ಮಾವನವರು ಎತ್ತಿಕೊಂಡರು. ಓರೆಗಣ್ಣಿನಲ್ಲಿ ನೋಡಿದರೆ ಅವರ ಬಲ ಅಂಗೈ ಸ್ಪೀಕರ್ ಡಬ್ಬಿಯ ಮೇಲಿತ್ತು. ದನಿ ಮೊದಲು ತುಕ್ಕು ಹಿಡಿದ ತೂಬಿನ ಹಾಗೆ ತಡೆದು ತಡೆದು ಬಂತು, ಆಮೇಲೆ ಬಿಟ್ಟುಕೊಂಡಿತು. ಒಂದು ಕಡೆಯೂ ತಡವಾಗಲಿಲ್ಲ. ಪಲ್ಲವಿ, ನಾಲ್ಕು ನುಡಿ, ಮತ್ತೆ ಪಲ್ಲವಿ, ಪೂರ್ತಿ ಹಾಡಿದರು. ನಿಂಗಮ್ಮ ಮೊರ ಕೆಳಗಿಟ್ಟು ತಾಳ ಹಾಕುತ್ತಿದ್ದದ್ದು ಕಂಡಿತು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹಾಡು ಮುಗಿದ ಮೇಲೂ ಸಾ ನುಡಿಯುತ್ತಲೇ ಇತ್ತು. ನಾನು ಇನ್ನೊಂದು ಸ್ವರ ಒತ್ತಿದೆ. ಟಕ್ಕು ಬರಲಿಲ್ಲ. ಮತ್ತೊಂದು ಒತ್ತಿದೆ. ಇಲ್ಲ. ರಟ್ಟು ತೆಗೆಯಲು ಹೋದರೆ ಎಷ್ಟು ಬಿಗಿಯಾಗಿತ್ತೆಂದರೆ ಹರಿದು ತುಂಡಾಗಿ ಬಂತು.

ಬರೀ ನನಗೆ ಹಾಗನ್ನಿಸಿತೋ ಏನೋ ಎಂದುಕೊಂಡೆ. ನಿಂಗಮ್ಮನೇ ಮೊರ ಎತ್ತಿಕೊಳ್ಳುತ್ತ, “ಯಕ್ಕಾ, ಮಷಿನ್ ರಿಪೇರಿ ಆತೇನು? ಇವತ್ತು ಎಲ್ಲಾದಕ್ಕೂ ಟಕ್ಕ ಟಕ್ಕ ಅಂತಿತ್ತಲ್ಲ,” ಎಂದಳು. ಅವಳಿಗೆ ಪವಾಡ ಹೇಳುವ ಉಮೇದು ಇರಲಿಲ್ಲ. ರಿಪೇರಿ ಆಗಿದೆ ಎಂದೇ ತಿಳಿದು ಕೇಳಿದ್ದಳು. ಅದಕ್ಕೇ ಅವಳ ಮಾತನ್ನು ನಾನು ತಳ್ಳಿಹಾಕಲಾರೆ.

ತಮ್ಮನಿಗೆ ಬರಬೇಡ ಎಂದೆ. ಆ ವಾರವೇ ಮೂರನೆಯ ಸಲ ಸಿಂಧನೂರಿಗೆ ಹೋದೆ. ಮೆಹಬೂಬಸಾಬರು ಈ ಸಲ ನಗಲಿಲ್ಲ. ನನ್ನ ಮಾತನ್ನು ಪೂರ್ತಿ ಕೇಳಿ, ರಟ್ಟು ತುರುಕಿ, ಹತ್ತಾರು ಬಗೆಯಲ್ಲಿ ಬಾರಿಸಿ ನೋಡಿದರು. ಒಂದೇ ಟಕ್ಕು. ರಟ್ಟು ಸಡಿಲಾಗಿ ಸಾ ಮೇಲೆದ್ದಿರಬೇಕು ಎಂದರು. ಮೇಲೆದ್ದಿದ್ದರೆ ಸಾ ದನಿ ನಿಂತುಹೋಗಬೇಕಿತ್ತಲ್ಲ ಎಂದೆ. ಅವರು ಹೌದೆಂದು ಗೋಣು ಹಾಕಿದರು. “ಮಷಿನ್ ಸುಳ್ಳು ಹೇಳಂಗಿಲ್ಲ. ನೀವೂ ಸುಳ್ಳು ಹೇಳೋ ಪೈಕಿ ಅಲ್ಲ. ನಾ ಯಾರ್ನ ನಂಬ್ಲಿ ಹೇಳ್ರಿ,” ಎಂದವರು ಚಹಾ ತರಿಸಿ ಕುಡಿಸಿ ಕಳಿಸಿದರು.

ಆಮೇಲೆ ಇವತ್ತಿನವರೆಗೆ ಆ ಯಂತ್ರ ಹಾಗೆ ನುಡಿದಿಲ್ಲ. ಅದೇ ಗುಂಡಿಗಳನ್ನು ಅದೇ ರೀತಿ ಇಟ್ಟು, ಅದೇ ಹೊತ್ತಿಗೆ, ಅದೇ ಪದ ಬಾರಿಸಿ ನೋಡಿದ್ದೇನೆ. ಸೋಮವಾರವೂ ನೋಡಿದ್ದೇನೆ, ಉಳಿದ ವಾರವೂ ನೋಡಿದ್ದೇನೆ. ಮಂಗ ಎಲ್ಲಾದರೂ ಹಗ್ಗ ಹಿಡಿದಿರಬೇಕು ಎಂದು ನಾನು ಹುಡುಕಿದಷ್ಟು ಯಾರೂ ಹುಡುಕಿರಲಾರರು. ದೇವರು ಮಾಡಿದ ಎಂದು ಹೇಳಿಬಿಟ್ಟರೆ ನನಗೂ ಹಗುರ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೇ ದೇವರಿಗೂ ಮರ್ಯಾದೆ ಎಂದು ತಿಳಿದವಳು ನಾನು.

ಇನ್ನೊಂದು ಸಂಗತಿ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಅಂದಿನಿಂದ ಮಾವನವರು ಪ್ರತಿ ಸೋಮವಾರ ಹಾಡುತ್ತಿದ್ದಾರೆ. ನಾನು ರಟ್ಟು ಒತ್ತಿಡುತ್ತೇನೆ, ಅವರು ಡಬ್ಬಿಯ ಮೇಲೆ ಕೈ ಇಡುತ್ತಾರೆ. ಮೊದಲ ಸಾಗೆ ಒಂದು ಟಕ್ಕು ಬರುತ್ತದೆ, ಆಮೇಲೆ ಬರುವುದಿಲ್ಲ. ಆದರೂ ಅವರು ಒಂದು ಸಾಲಿಗೂ ತಡವಾಗುವುದಿಲ್ಲ. ಮುಖ ನೋಡಿಕೊಳ್ಳುತ್ತಿದ್ದ ತಾಳದವರು ಈಗ ಅವರ ಹಿಂದೆ ಓಡುತ್ತಾರೆ. ಇದು ಹೇಗೆ ಎಂದು ಕೇಳಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ. ಕೇಳಿದರೆ ಏನಾದರೂ ಮುರಿದೀತೋ ಎಂಬ ಅಳುಕು. ಹೋದ ತಿಂಗಳು ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ಕೇಳಿಯೇಬಿಟ್ಟೆ. “ಮಾವಾರ, ಟಕ್ಕು ಒಂದ ಸಲ ಬರತೈತ್ರಿ. ಮುಂದಿಂದು ಹೆಂಗ್ ಹಿಡೀತೀರಿ?”

ಅವರು ನನ್ನನ್ನೇ ನೋಡಿದರು.

“ಒಂದ ಸಲ? ಎಲ್ಲಾದಕ್ಕೂ ಬರಾಕತ್ತೈತಲ್ಲವ್ವಾ. ನೀನ ಬಾರಿಸ್ತಿ, ನಿನಗ ಕೇಳಿಸವಲ್ದೇನು?”

ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರ ಮುಖದಲ್ಲಿ ಒಂದು ಮರುಕ ಮೂಡಿತು. ಕಿವಿ ಹೋದ ಹೊಸದರಲ್ಲಿ ನಾವೆಲ್ಲ ಅವರನ್ನು ಹಾಗೆಯೇ ನೋಡುತ್ತಿದ್ದೆವು. ಕೀಬೋರ್ಡಿನ ಕಡೆ ಕೈ ತೋರಿಸಿ, ಕಿವುಡರೊಡನೆ ಮಾತಾಡುವಾಗ ಮಾಡುವಂತೆ ದನಿಯನ್ನು ಸ್ವಲ್ಪ ಎತ್ತರಿಸಿ, “ಮೊದಲಿಂದ ಬಾರಿಸು. ಸಾವಕಾಶ ಕೇಳು,” ಎಂದರು.

ಬಾರಿಸಿದೆ. ಸಾಗೆ ಟಕ್ ಎಂದಿತು. ಮುಂದಿನ ಸ್ವರಗಳಿಗೆ ನಾನು ಉಸಿರು ಹಿಡಿದು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಮಾವನವರು ಕಣ್ಣು ಮುಚ್ಚಿ, ಒಂದೊಂದು ಸ್ವರಕ್ಕೂ ಸಣ್ಣಗೆ ತಲೆದೂಗುತ್ತ, ಸರಿಯಾದ ಜಾಗಕ್ಕೆ ಎತ್ತಿಕೊಂಡರು.